ಗುಬ್ಬಿ ಉದುರಿಸಿದ ಸಿಪ್ಪೆ

ಮಠದ ಬೆಲ್ಲದಚ್ಚು ಕಾಣೆಯಾದ ದಿನವೇ ಗವಿಯಪ್ಪನಿಗೆ ಕಳ್ಳ ಯಾರೆಂದು ಗೊತ್ತಾಗಿಹೋಗಿತ್ತು. ಫಕೀರಪ್ಪ, ಇನ್ಯಾರು? ಶಿಷ್ಯನಾಗಿ ಬಂದು ತಿಂಗಳಾಯಿತು ಅಷ್ಟೆ. ಊರು ಯಾವುದೆಂದು ಹೇಳುವುದಿಲ್ಲ, ಮಾತಾಡಿಸಿದರೆ ನೆಲ ನೋಡುತ್ತಾನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಆಸಾಮಿ.

ಹತ್ತು ವರ್ಷದಿಂದ ಮಠದ ಅಡುಗೆ ನೋಡಿಕೊಳ್ಳುತ್ತಿದ್ದ ಗವಿಯಪ್ಪನ ಕಣ್ಣಿಗೆ ಇದೆಲ್ಲ ತಪ್ಪುತ್ತದೆಯೇ?

ಹಳೇ ಪದ್ಧತಿಯಂತೆ ಶಿಷ್ಯರನ್ನೆಲ್ಲ ಸಾಲಾಗಿ ಕೂರಿಸಿ, ಒಂದೊಂದು ಹಿಡಿ ಅಕ್ಕಿ ಕೊಟ್ಟು ಅಗಿಸಿದ. ಕದ್ದವನ ಬಾಯಿ ಅಂಜಿಕೆಗೆ ಒಣಗುತ್ತದೆ, ಅವನು ಉಗುಳಿದ ಅಕ್ಕಿಯೂ ಒಣಗಿಯೇ ಬೀಳುತ್ತದೆ ಎಂಬ ನಂಬಿಕೆ. ಉಳಿದವರದು ಹಸಿಹಿಟ್ಟಿನ ಮುದ್ದೆಯಾಗಿ ಬಿತ್ತು. ಫಕೀರಪ್ಪನದು ಬೀಸುಕಲ್ಲಿನ ನುಚ್ಚಿನಂತೆ ಉದುರಿತು.

ಸಿಕ್ಕಿಬಿದ್ದವನು ಹೊತ್ತು ಮುಳುಗುವುದರೊಳಗೆ ಮಠ ಬಿಡಬೇಕು. ಫಕೀರಪ್ಪನಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಅಳುತ್ತಲೇ ಗಂಟು ಕಟ್ಟಿದ. ಅಳುವೂ ನಾಟಕವೇ ಎಂದುಕೊಂಡ ಗವಿಯಪ್ಪ ಆ ಗಂಟನ್ನೂ ಬಿಚ್ಚಿಸಿ ನೋಡಿದ. ಬೆಲ್ಲ ಸಿಗಲಿಲ್ಲ. ಅರಗಿಸಿಕೊಂಡಿದ್ದಾನೆ ಬಿಡು ಅಂದುಕೊಂಡ.

ಗುರು ಚೆನ್ನವೀರಜ್ಜನವರ ಅಪ್ಪಣೆಯೊಂದು ಬಾಕಿ. ಶ್ರಾವಣದ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಅಜ್ಜ ಹೊಳೆದಂಡೆಯ ಕಟ್ಟೆಯ ಮೇಲೆ ಗುಬ್ಬಿಗಳಿಗೆ ನವಣೆ ಚೆಲ್ಲುತ್ತ ಕೂತಿದ್ದರು. ಗವಿಯಪ್ಪ ನಡೆದದ್ದನ್ನೆಲ್ಲ ಒಪ್ಪಿಸಿದ. ಅಜ್ಜ ಕೇಳಿಸಿಕೊಂಡರೋ ಇಲ್ಲವೋ, ಗುಬ್ಬಿಯೊಂದು ಕಾಳು ಒಡೆದು ಉದುರಿಸಿದ ಸಿಪ್ಪೆ ತೋರಿಸಿ, ಮುಟ್ಟಿ ನೋಡು ಅಂದರು.

“ಒಣಗೇತ್ರಿ ಅಜ್ಜಾರ.”

“ಬ್ಯಾಸಗ್ಯಾಗ ಇದೇ ಗುಬ್ಬಿ ಉದುರಿಸಿದ ಸಿಪ್ಪಿ ಬೆರಳಿಗೆ ಅಂಟತಿತ್ತು. ಈಗ ಇದು ಏನು ಕದ್ದೈತಿ?”

ಗವಿಯಪ್ಪನಿಗೆ ನಗು ಬಂತು. ಅಜ್ಜನವರಿಗೆ ಇಷ್ಟೂ ತಿಳಿಯದೇ? ಬೇಸಿಗೆಯಲ್ಲಿ ಗುಬ್ಬಿಗೆ ಒಣಕಾಳೇ ಗತಿ, ನೆನೆಸಿ ನುಂಗಲು ಬಾಯಲ್ಲಿ ಜೊಲ್ಲು ಊರಲೇಬೇಕು. ಮಳೆಗಾಲದಲ್ಲಿ ಮೆತ್ತಗಿನ ಹುಳ ಸಿಗುತ್ತದೆ, ತಾನೇ ಜಾರಿ ಹೊಟ್ಟೆಗೆ ಹೋಗುತ್ತದೆ, ಜೊಲ್ಲಿಗೇನು ಕೆಲಸ? ಹಾಗಂತ ಬಿಡಿಸಿ ಹೇಳಿದ.

ಅಜ್ಜ ತಲೆದೂಗಿದರು. “ಖರೆ. ಫಕೀರ ಬಂದಾಗಿಂದ ಏನು ಉಂಡಾನ?”

ಗವಿಯಪ್ಪನಿಗೆ ಗಂಜಿಯ ಮಡಕೆ ನೆನಪಾಯಿತು. ರೊಟ್ಟಿ ಕೊಟ್ಟರೆ ಬಚ್ಚಿಟ್ಟು ಮಾರಿಕೊಂಡಾನೆಂಬ ಗುಮಾನಿಗೆ, ಮೊದಲ ದಿನದಿಂದಲೂ ಅವನಿಗೆ ತಾನೇ ಬರೀ ನೀರುಗಂಜಿ ಬಡಿಸುತ್ತ ಬಂದಿದ್ದ. ಅಗಿಯಲು ಒಂದು ತುತ್ತೂ ಕೊಟ್ಟಿರಲಿಲ್ಲ. ನಾಚಿಕೆಯಾಯಿತು. ಆದರೂ ಗುಮಾನಿ ಅಷ್ಟು ಸಲೀಸಾಗಿ ಬಿಡುತ್ತದೆಯೇ?

“ಹಂಗಾದ್ರ ಬೆಲ್ಲ ಯಾರು ತಿಂದ್ರು, ಅಜ್ಜಾರ?”

“ನಾಳಿಂದ ಸೌಟು ಫಕೀರನ ಕೈಯಾಗ ಕೊಡು. ಒಂದು ತಿಂಗಳು ನೀ ಗಂಜಿ ಕುಡಿ. ಆಮ್ಯಾಲೆ ನಿನಗ ಅಕ್ಕಿ ಅಗಿಸಿ ಹೇಳತೀನಿ.”