ಎಡಹುರಿ ನೂಲಿನ ಕಂಬಳಿ

ಇಟ್ಟಿಗೆ ಇನ್ನೂ ಬಿಸಿ ಇದೆಯಾ ಕೂಸೇ? ಬಟ್ಟೇನ ಇನ್ನೊಂದು ಸುತ್ತು ಸುತ್ತಿ ಕಿಬ್ಬೊಟ್ಟೆಗೆ ಒತ್ತಿಟ್ಟುಕೋ. ಹಾಂ, ಹಾಗೆ. ಈಗ ಕಣ್ಣು ಮುಚ್ಚಿಕೊಂಡು ಕೇಳು, ಹೂಂಗುಟ್ಟೋದು ಮಾತ್ರ ಮರೀಬೇಡ.

ನಮ್ಮಜ್ಜಿಯ ಅಜ್ಜಿಗೂ ಹಿಂದೆ ಒಂದಾನೊಂದು ಕಾಲ ಇತ್ತಲ್ಲ, ಆ ಕಾಲದಲ್ಲಿ ಕರಿಗುಡ್ಡದ ಬೆನ್ನಿಗೆ ಕುರಿ ಕಾಯೋರ ಒಂದು ಹಟ್ಟಿ ಇತ್ತಂತೆ. ಹಟ್ಟಿ ಸುತ್ತ ಮುಳ್ಳುಬೇಲಿ, ಬೇಲಿಗೆ ಒಂದೇ ಬಾಗಿಲು, ಬೇಲಿಯಾಚೆ ಒಂದು ಗುಡ್ಲು. ಹೆಂಗಸರು ಮುಟ್ಟಾದಾಗ ಆ ಗುಡ್ಲಲ್ಲೇ ಇರಬೇಕಿತ್ತಂತೆ. ಹಟ್ಟಿ ಒಲೆಯ ಬೆಂಕಿ ಅಲ್ಲಿಗೆ ಹೋಗಬಾರದು. ಅಲ್ಲಿಗೆ ಹೋದ ಬಟ್ಟೆಯಾಗಲಿ ಮಡಕೆಯಾಗಲಿ ಮತ್ತೆ ಒಳಗೆ ಬರಬಾರದು, ಸುಡಬೇಕು, ಇಲ್ಲ ಒಡೀಬೇಕು. ಹಾಗಾಗಿ ಯಾರೂ ಒಳ್ಳೇದು ಕೊಡ್ತಿರಲಿಲ್ಲ. ಒಂದು ಹರಕು ಸೀರೆ, ಒಂದು ತಂಗಳು ಮುದ್ದೆ, ಅಷ್ಟೇ. ಹೋಗಿ ಬರ್ತಿದ್ದದ್ದು ಉಣ್ಣೆ ಒಂದೇ ಅಂತೆ. ಉಣ್ಣೆಗೆ ಮೈಲಿಗೆ ತಟ್ಟೋದಿಲ್ಲ ಅಂತ ಅವರು ನಂಬಿದ್ದರು. ಗುಡ್ಲಲ್ಲಿ ಸುಮ್ಮನೆ ಕೂರೋ ಬದಲು ನೂಲಲಿ ಅಂತ ಬುಟ್ಟಿ ತುಂಬ ಉಣ್ಣೆ, ಒಂದು ಕದಿರು ಕೊಟ್ಟು ಕಳಿಸೋರು. ಆಮೇಲೆ ಆ ನೂಲನ್ನ ಒಳಗೆ ತಗೊಂಡು, ಅದರಲ್ಲೇ ದೇವರ ಗದ್ದುಗೆಗೆ ಹಾಸೋ ಕಂಬಳಿ ನೇಯೋರು.

ಆ ಹಟ್ಟೀಲಿ ಕ್ಯಾತವ್ವ ಅಂತ ಒಬ್ಬಳಿದ್ದಳು. ಗಂಡ ಸತ್ತಿದ್ದ, ಮೂರು ಜನ ಹೆಣ್ಣುಮಕ್ಕಳು. ದೊಡ್ಡೋಳು ಚಿತ್ತವ್ವ, ಎಡಗೈಯವಳು. ಎಲ್ಲರೂ ಕದಿರನ್ನ ಬಲಕ್ಕೆ ತಿರುಗಿಸಿದರೆ ಇವಳು ಎಡಕ್ಕೆ ತಿರುಗಿಸೋಳು, ಎಲ್ಲರ ನೂಲು ಬಲಹುರಿ ಆದರೆ ಇವಳದು ಎಡಹುರಿ ಆಗೋದು. ಏ ತಿಕ್ಕಲೀ, ನಿನ್ನ ನೂಲು ಮಗ್ಗದಲ್ಲಿ ಯಾರ ಮಾತೂ ಕೇಳಲ್ಲ ಕಣೇ ಅಂತ ಅವ್ವ ಬೈದರೆ, ನಾನು ಯಾರ ಮಾತು ಕೇಳ್ತೀನಿ ಹೇಳವ್ವ ಅಂತ ನಗೋಳಂತೆ.

ಈ ಚಿತ್ತವ್ವ ಮೈನೆರೆದದ್ದು ಪುಷ್ಯಮಾಸದಲ್ಲಿ. ಮಾಗಿ ಚಳಿ, ಗುಡ್ಡದ ಗಾಳಿ. ಅವಳನ್ನ ಗುಡ್ಲಿಗೆ ಬಿಟ್ಟರು. ಕ್ಯಾತವ್ವ ಹಟ್ಟಿಯವರ ಮಾತು ಕೇಳಿ ಬೇಲಿ ಒಳಗೇ ಉಳಿದಳು. ಬೆಳಗ್ಗೆ ಹೋಗಿ ನೋಡ್ತಾಳೆ, ಮಗಳು ಹುಲ್ಲಿನ ಮೇಲೆ ಮುದುರಿ ಮಲಗಿದ್ದಾಳೆ. ಕೂಗಿದರೂ ಏಳಲಿಲ್ಲ, ಅಲುಗಿಸಿದರೂ ಏಳಲಿಲ್ಲ. ಪಕ್ಕದಲ್ಲೇ ಉಣ್ಣೆ ಇತ್ತಂತೆ ಕೂಸೇ, ಅರ್ಧ ಬುಟ್ಟಿ. ಇನ್ನರ್ಧ ನೂತು ಇಟ್ಟಿದ್ದಳು. ದೇವರದ್ದು ಅಂತ ಒಂದು ಹಿಡಿ ಉಣ್ಣೇನೂ ಮೈಮೇಲೆ ಎಳಕೊಂಡಿರಲಿಲ್ಲ.

ಹೂಂ ಅನ್ನೋದು ನಿಲ್ಲಿಸಿದೆಯಲ್ಲ. ಬಾ, ಇನ್ನೂ ಹತ್ತಿರ ಬಾ.

ಆಮೇಲೆ ಹಟ್ಟಿ ಯಜಮಾನ ಕಾಟಪ್ಪ ಆ ನೂಲನ್ನ ಒಳಗೆ ತಂದನಂತೆ. ಕಾಟಪ್ಪ ಅಂದ್ರೆ ಕ್ಯಾತವ್ವನ ಗಂಡನ ಅಣ್ಣ, ಹಟ್ಟಿಗೆಲ್ಲ ಕಂಬಳಿ ನೇಯೋನೂ ಅವನೇ. ಆ ವರ್ಷ ಗದ್ದುಗೆಗೆ ಹೊಸ ಕಂಬಳಿ ಅವನೇ ನೇಯ್ದ. ಅದನ್ನ ನೋಡೋಕೆ ಕ್ಯಾತವ್ವ ಹೋಗಲಿಲ್ಲ. ಅವತ್ತಿಂದ ಅವಳು ದೇವರ ಮನೆ ಹೊಸ್ತಿಲು ತುಳೀಲೇ ಇಲ್ಲವಂತೆ. ಯಾರಾದರೂ ಕೇಳಿದರೆ ಕುರಿ ನೋಡಬೇಕು ಅನ್ನೋಳು.

ನಡುವಿನವಳು ಮಾಳಕ್ಕ ದೊಡ್ಡವಳಾದದ್ದು ಬೇಸಿಗೇಲಿ. ಗುಡ್ಲಲ್ಲಿ ಸೊಳ್ಳೆ ಕಡಿಸಿಕೊಂಡು ಎದ್ದು ಬಂದಳು, ಮದುವೆಯಾಗಿ ಹೋದಳು. ಉಳಿದವಳು ಸಿರಿಯಕ್ಕ. ಇವಳೂ ಬೇಸಿಗೇಲೇ ಆಗಲಿ ತಾಯಿ ಅಂತ ಕ್ಯಾತವ್ವ ಕಂಡ ಕಂಡ ಕಲ್ಲಿಗೆಲ್ಲ ಕೈ ಮುಗಿದಳು. ಆದರೆ ಸಿರಿಯಕ್ಕ ಒಂದು ಪುಷ್ಯಮಾಸದ ಮಧ್ಯಾಹ್ನ ಕುರಿ ಹಿಂದಿನಿಂದ ಬಂದು, ಅವ್ವಾ ಹೊಟ್ಟೆ ಹಿಂಡ್ತದೆ ಅಂದಳಂತೆ. ಅವ್ವ ಅವಳ ಲಂಗ ನೋಡಿದಳು.

ಈ ಸಲ ಕ್ಯಾತವ್ವ ಒಳಗೆ ಉಳೀಲಿಲ್ಲ. ಮಗಳ ಕೈ ಹಿಡಿದು ತಾನೂ ಬೇಲಿ ದಾಟಿದಳು. ಅವಳನ್ನ ಮುಟ್ಟಿದರೆ ನೀನೂ ಹೊರಗಿನೋಳೇ ಅಂತ ಕಾಟಪ್ಪ ಕೂಗಿದ. ಆಗಲಿ ಭಾವ ಅಂದಳು. ಬೇಲಿ ಪಕ್ಕದ ಮನೆ ದ್ಯಾಮಕ್ಕ, ಏನ್ ಕ್ಯಾತಕ್ಕ, ಮಗಳ ಜೊತೆ ನೀನೂ ಇನ್ನೊಂದ್ಸಲ ಮೈನೆರೆದ್ಯಾ ಅಂತ ನಕ್ಕಳಂತೆ.

ಗುಡ್ಲಲ್ಲಿ ಮಗಳನ್ನ ಕೂರಿಸಿ, ಕ್ಯಾತವ್ವ ವಾಪಸು ಬೇಲಿ ಹತ್ತಿರ ಬಂದು ಕರೆದಳು. ಭಾವ, ಒಂದಿಷ್ಟು ಕೆಂಡ ಕೊಡಿ. ಒಲೆ ಬೆಂಕಿ ಬೇಲಿ ದಾಟಿದ್ದು ನಮ್ಮಪ್ಪನ ಕಾಲದಲ್ಲೂ ಇಲ್ಲ ಅಂದ ಕಾಟಪ್ಪ. ದಾಟೋದು ಬೇಡ ಬಿಡಿ, ಇಲ್ಲೇ ಹುಟ್ಟಲಿ ಅಂತ ಸೊಂಟದಿಂದ ಚಕಮಕಿ ಕಲ್ಲು ತೆಗೆದಳು. ಕುರಿ ಕಾಯೋಳಲ್ಲವಾ, ಅದು ಯಾವಾಗಲೂ ಜೊತೇಲೇ. ಜಾಲಿ ಕಡ್ಡಿ ಒಟ್ಟಿ ಬೆಂಕಿ ಮಾಡಿದಳು, ಒಂದು ಚಪ್ಪಟೆ ಕಲ್ಲು ಕಾಯಿಸಿದಳು, ಬಟ್ಟೇಲಿ ಸುತ್ತಿ, ನೀನೀಗ ಇಟ್ಟುಕೊಂಡಿದ್ದೀಯಲ್ಲ, ಹಾಗೇ ಮಗಳ ಹೊಟ್ಟೆ ಮೇಲಿಟ್ಟಳು. ಹುಡುಗಿಗೆ ನೋವು ಒಂಚೂರು ಇಳೀತಂತೆ.

ಆಮೇಲೆ ಎರಡನೇ ಸಲ ಬಂದಳು. ದ್ಯಾಮಕ್ಕಾ, ಮೈನೆರೆದಿದ್ದೀನಿ ಅಂದೆಯಲ್ಲ, ಆರತಿ ಹಾಗಿರಲಿ, ಒಂದು ಬೊಗಸೆ ಕರಿ ಎಳ್ಳು ಕೊಡು ಅಂದಳು. ದ್ಯಾಮಕ್ಕ ನಗಲಿಲ್ಲ. ಅವಳಿಗೆ ಚಿತ್ತವ್ವನ ನೆನಪಾಯ್ತೋ ಏನೋ, ಸಂಕ್ರಾಂತಿಗೆ ಅಂತ ಹುರಿದಿಟ್ಟಿದ್ದ ಎಳ್ಳು, ಅಚ್ಚು ಬೆಲ್ಲ, ಓಮ, ಒಣಶುಂಠಿ, ಒಂದು ಕುಡಿಕೆ ಹರಳೆಣ್ಣೆ, ಒಂದು ಮಡಕೆ ಎಲ್ಲ ತಂದು ಬೇಲಿ ಸಂದೀಲಿ ತಳ್ಳಿದಳು. ಬೂದಿನೀರಲ್ಲಿ ಕುದಿಸಿ ಬಿಸಿಲಲ್ಲಿ ಒಣಗಿಸಿದ ಮೆತ್ತನೆ ಬಟ್ಟೇನೂ ತಂದಳಂತೆ, ನೆರಳಲ್ಲಿ ಒಣಗಿಸಿ ಮುಗ್ಗಿದ್ದಲ್ಲ ಕಣೇ, ಹೆದರಬೇಡ ಅಂದಳಂತೆ. ಕ್ಯಾತವ್ವ ಎಳ್ಳು ಬೆಲ್ಲ ಕುಟ್ಟಿ ಉಂಡೆ ಕಟ್ಟಿದಳು. ಓಮ ಶುಂಠಿ ಕುದಿಸಿ ಬಿಸಿಬಿಸಿ ಕುಡಿಸಿದಳು. ಹರಳೆಣ್ಣೆ ಬೆಚ್ಚಗೆ ಮಾಡಿ ಸೊಂಟಕ್ಕೆ, ಅಂಗಾಲಿಗೆ ನೀವಿದಳು. ಕೊಡ ಹೊರಬೇಡ, ಗಾಳಿಗೆ ಕೂರಬೇಡ, ನಿದ್ದೆ ಬಂದಾಗ ಮಲಗು ಅಂದಳು. ಇದೆಲ್ಲ ಅವಳ ತವರಿನ ರೂಢಿ. ಅಲ್ಲಿ ಹೆಣ್ಣುಮಕ್ಕಳನ್ನ ಒಲೆ ಪಕ್ಕದಲ್ಲೇ ಮಲಗಿಸ್ತಿದ್ದರಂತೆ. ಅಕ್ಕನಿಗೂ ಹೀಗೇ ಮಾಡಿದ್ದೆಯಾ ಅವ್ವ ಅಂತ ಸಿರಿಯಕ್ಕ ಕೇಳಿದಳು. ಕ್ಯಾತವ್ವ ನೀವೋ ಕೈ ನಿಲ್ಲಿಸಿ, ಇಲ್ಲ ಅಂದಳು. ಆಮೇಲೆ ಮತ್ತೆ ನೀವಿದಳು.

ಹೊತ್ತು ಇಳೀತು. ಗಾಳಿ ಎದ್ದಿತು, ಗುಡ್ಲಿನ ತಡಿಕೆ ಸಂದೀಲೆಲ್ಲ ನುಗ್ಗಿತು. ಬೆಂಕಿ ಒಂದು ಮಗ್ಗುಲು ಕಾಯಿಸಿದರೆ ಇನ್ನೊಂದು ಮಗ್ಗುಲು ಮರಗಟ್ಟೋದು. ಸಿರಿಯಕ್ಕನ ಹಲ್ಲು ಕಟಕಟ ಅಂದವು. ಕ್ಯಾತವ್ವ ಮೂರನೇ ಸಲ ಬೇಲಿಗೆ ಬಂದಳು. ಭಾವ, ನನ್ನ ಮನೇಲಿರೋ ಕಂಬಳಿ ಕೊಡಿ.

ಕಂಬಳಿ ಬಂದರೆ ಸುಡಬೇಕಾಗ್ತದೆ, ಇಡೀ ಮಾಗಿ ಏನು ಹೊದೀತೀಯ ಅಂದ ಕಾಟಪ್ಪ. ಯಾಕೆ ಸುಡಬೇಕು? ಉಣ್ಣೆಗೆ ಮೈಲಿಗೆ ಇಲ್ಲ ಅಂದೋರು ನೀವೇ. ನೂಲು ಒಳಗೆ ಬರ್ತದಲ್ಲ, ಕಂಬಳಿ ಅಂದ್ರೆ ನೂಲೇ ಅಲ್ಲವಾ ಅಂದಳು. ನೂಲು ಬೇರೆ, ಕಂಬಳಿ ಬೇರೆ ಕಣಮ್ಮ ಅಂದ ಅವನು. ಏನು ಬೇರೆ ಭಾವ? ಹಾಗಂತ ಅವನಪ್ಪನನ್ನೂ ಯಾರೂ ಕೇಳಿರಲಿಲ್ಲ. ಕ್ಯಾತವ್ವ ಅಂದಳು, ಗದ್ದುಗೆ ಕಂಬಳಿ ತನ್ನಿ. ಬೆಳಕಿರುವಾಗಲೇ ತನ್ನಿ. ಇಷ್ಟು ವರ್ಷ ನಾನು ನೋಡಿಲ್ಲ, ಇವತ್ತು ನೋಡ್ತೀನಿ.

ಅವನು ತಂದ. ಯಾಕೆ ತಂದನೋ ಅವನಿಗೇ ಗೊತ್ತು. ಬೇಲಿ ಬಾಗಿಲಲ್ಲಿ ಸಂಜೆ ಬಿಸಿಲಿಗೆ ಬಿಡಿಸಿ ಹಿಡಿದ. ಕ್ಯಾತವ್ವ ಮುಟ್ಟಲಿಲ್ಲ, ಬಗ್ಗಿ ನೋಡಿದಳು. ಎಲ್ಲಾ ಎಳೆ ಬಲಹುರಿ, ನಡುವೆ ಒಂದು ಪಟ್ಟಿ ಮಾತ್ರ ಎಡಹುರಿ. ಅವಳು ಬಾಯಿ ತೆರೆಯೋಕೆ ಮುಂಚೆ ಕಾಟಪ್ಪನೇ ಅಂದನಂತೆ, ನಂಗೊತ್ತಿತ್ತು ಕಣಮ್ಮ. ಮಗ್ಗದಲ್ಲಿ ಆ ನೂಲು ಮುದುರಿಕೊಳ್ತಿತ್ತು. ಬಿಡಿಸೋದು, ನೇಯೋದು, ಬಿಡಿಸೋದು, ನೇಯೋದು. ಬಿಸಾಕೋಕೆ ಮನಸ್ಸು ಬರಲಿಲ್ಲ. ಮಗು ಗುಡ್ಲಲ್ಲಿ ಕೂತು ನೂತದ್ದು ಗದ್ದುಗೆಗೆ ಆಯ್ತು, ಮಗೂಗೆ ಆಗಲಿಲ್ಲ.

ಆಮೇಲೆ ಅವನು ಕಂಬಳಿ ಮಡಚಿದ. ಕ್ಯಾತವ್ವನ ಕೈಗೆ ಕೊಡಲಿಲ್ಲ. ತಾನೇ ಬೇಲಿ ದಾಟಿದ, ತಾನೇ ಗುಡ್ಲಿನ ಒಳಗೆ ಬಗ್ಗಿ ಹೋದ, ನಡುಗ್ತಿದ್ದ ಹುಡುಗಿಗೆ ಕತ್ತಿನ ತನಕ ಹೊದಿಸಿದ. ನಿಮ್ಮಕ್ಕಂದು, ಬೆಚ್ಚಗೆ ಮಲಗವ್ವ ಅಂದ. ದೇವರು ಅವತ್ತು ಬರೀ ನೆಲದ ಮೇಲೆ ಕೂತಿದ್ದನಂತೆ. ಏನೂ ಆಗಲಿಲ್ಲವಂತೆ.

ಸಿರಿಯಕ್ಕನಾ? ಬೆಳಗ್ಗೆ ಎದ್ದು, ಅವ್ವಾ ಹಸಿವು ಅಂದಳು. ಕ್ಯಾತವ್ವ ಆಗ ಅತ್ತಳು, ಚಿತ್ತವ್ವ ಹೋದಾಗಲೂ ಅಷ್ಟು ಅತ್ತಿರಲಿಲ್ಲ.

ಆಮೇಲೆ ಹಟ್ಟಿಯ ಮುದುಕರು ಕೂತು ಮಾತಾಡಿದರು. ದೇವರ ಕಂಬಳಿ ಹೋದ ಗುಡ್ಲು ಅಂದ್ರೆ ಅದೂ ಗದ್ದುಗೇನೇ ಆಯ್ತಲ್ಲ, ಗದ್ದುಗೆ ಇದ್ದ ಕಡೆಗೆ ಮುಟ್ಟಾದೋರನ್ನ ಹೇಗೆ ಅಟ್ಟೋದು ಅಂತ ಕಾಟಪ್ಪ ಕೇಳಿದ. ಯಾರಿಗೂ ಉತ್ತರ ಹೊಳೀಲಿಲ್ಲ. ಹೊಳೆಯೋವರೆಗೆ ಮನೇಲೇ ಇರಲಿ ಅಂದರು. ಇನ್ನೂ ಹೊಳೆದಿಲ್ಲವಂತೆ! ಗುಡ್ಲಲ್ಲಿ ಈಗ ಮಾಗೀಲಿ ಹುಟ್ಟಿದ ಕುರಿಮರಿಗಳು ಮಲಗ್ತವೆ. ಆ ಹಟ್ಟೀಲಿ ಹುಡುಗಿ ದೊಡ್ಡವಳಾದರೆ ಒಲೆ ಪಕ್ಕ ಹಾಸ್ತಾರೆ, ಎಳ್ಳುಂಡೆ ಕೊಡ್ತಾರೆ, ಹೊಸ ಕಂಬಳಿ ಹೊದಿಸ್ತಾರೆ. ಆ ಕಂಬಳಿ ಅಂಚಿನಲ್ಲಿ ಒಂದೇ ಒಂದು ಎಳೆ ಎಡಹುರಿ ಇರಬೇಕಂತೆ. ಚಿತ್ತವ್ವನ ಪಾಲಿಂದು.

ನಿನ್ನ ಕಂಬಳಿ ಅಂಚು ಸವರಿ ನೋಡು. ಸಿಕ್ಕಿತಾ? ಇರಲಿ ಬಿಡು, ಬೆಳಗ್ಗೆ ಬಿಸಿಲಲ್ಲಿ ತೋರಿಸ್ತೀನಿ. ಕತೆಯ ನೂಲು ಮುಗೀತು, ಕದಿರು ಗೂಡಿಗೆ ಹೋಯ್ತು. ಮಲಗು ಮಗಳೇ.