ಫಣಿ ಫಿಯಟ್ಟಿಗೆ ಬಣ್ಣ ಹೊಡೆದದ್ದು

೧೯೮೭ನೇ ಇಸವಿ ಮಾರ್ಚ್ ಹನ್ನೊಂದು, ಬುಧವಾರ. ನನ್ನ ಹಳೆಯ ಡೈರಿಯ ಆ ದಿನದ ಪುಟದಲ್ಲಿ ಹೀಗಿದೆ: ‘ಕಾರಿಗೆ ಮನೆಯಲ್ಲೇ ಬಣ್ಣ ಹೊಡೆಸುವುದೆಂದು ತೀರ್ಮಾನ. ಫಣಿಗೆ ಎಲ್ಲ ಬಿಡಿಸಿ ಹೇಳಿದೆ. ಸರಿ ಅಮ್ಮ ಅಂದ.’

ಅವನು ಸರಿ ಅಮ್ಮ ಅಂದಾಗಲೇ ನಾನು ಹೆದರಬೇಕಾಗಿತ್ತು.

ಫಣಿ ಅಂದರೆ ನನ್ನ ಒಬ್ಬನೇ ಮಗ ಫಣೀಂದ್ರ. ಆಗ ಅವನಿಗೆ ಇಪ್ಪತ್ತಾರು. ಆಳೆತ್ತರ ಬೆಳೆದಿದ್ದ, ಕೈಕೆಲಸ ಚೆನ್ನಾಗಿ ಬರುತ್ತಿತ್ತು, ಹೇಳಿದ ಮಾತು ಮೀರುತ್ತಿರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ. ‘ಹಾಲು ಉಕ್ಕುತ್ತಾ ನೋಡ್ಕೋ’ ಅಂದರೆ ನೋಡಿಕೊಂಡು ನಿಂತಿರುತ್ತಿದ್ದ. ಉಕ್ಕಿ ಒಲೆಯೆಲ್ಲ ಹರಿದ ಮೇಲೆ ‘ಅಮ್ಮ, ಉಕ್ತು’ ಅಂತ ಬಂದು ಹೇಳುತ್ತಿದ್ದ. ನಾನು ಬಿ.ಎಸ್ಸಿ. ಓದಿದವಳು. ಅದೂ ನಮ್ಮ ತಿಪಟೂರಿನಲ್ಲಿ ಹೆಣ್ಣುಮಕ್ಕಳನ್ನು ಎಂಟನೇ ಕ್ಲಾಸಿಗೇ ಬಿಡಿಸುತ್ತಿದ್ದ ಕಾಲದಲ್ಲಿ! ನನ್ನ ಹೊಟ್ಟೆಯಲ್ಲಿ ಇವನು ಹೇಗೆ ಹುಟ್ಟಿದ ಅಂತ ದೇವರನ್ನು ಕೇಳಿ ಕೇಳಿ ಸಾಕಾಗಿತ್ತು.

ಆ ತಿಂಗಳ ಕೊನೆಯ ಭಾನುವಾರ ನಮ್ಮ ಮಹಿಳಾ ಸಮಾಜದ ಬೆಳ್ಳಿಹಬ್ಬ. ಹೈಸ್ಕೂಲ್ ಮೈದಾನದಿಂದ ಮೆರವಣಿಗೆ. ಎಲ್ಲಕ್ಕೂ ಮುಂದೆ ಒಂದು ಕಾರು, ಅದರಲ್ಲಿ ಸಮಾಜ ಕಟ್ಟಿದ ಹಿರಿಯಮ್ಮನ ಭಾವಚಿತ್ರ. ಆ ಕಾರನ್ನು ಓಡಿಸಬೇಕಾದವರು ಯಾರು? ನಾನು! ಈ ಊರಿನಲ್ಲಿ ಸ್ಟಿಯರಿಂಗ್ ಹಿಡಿದ ಮೊದಲ ಹೆಂಗಸು ನಾನು. ಆದರೆ ಪಕ್ಕದ ಮನೆ ಸರ್ವಮಂಗಳಮ್ಮ ಸಭೆಯಲ್ಲಿ ಎದ್ದು ನಿಂತರು.

“ಜಲಜಾಕ್ಷಮ್ಮನವರ ಫಿಯಟ್ಟು ತುಕ್ಕು ಹಿಡಿದು ಸುಟ್ಟ ಹಪ್ಪಳದ ಹಾಗಿದೆ. ನಮ್ಮನೇಲಿ ಹೊಸ ಕಾರಿದೆ. ನಮ್ಮ ಸೊಸೆಗೂ ಡ್ರೈವಿಂಗ್ ಬರುತ್ತೆ.”

ಸೊಸೆ! ಲೈಸೆನ್ಸ್ ತಗೊಂಡು ಆರು ತಿಂಗಳಾಗಿರಲಿಲ್ಲ, ರಿವರ್ಸ್ ಹಾಕಿದರೆ ಬೀದಿಯ ನಾಯಿಗಳೆಲ್ಲ ಜಗಲಿ ಹತ್ತುತ್ತಿದ್ದವು. ಆದರೂ ಅಧ್ಯಕ್ಷೆ ಹೇಳಿಬಿಟ್ಟರು: “ಭಾನುವಾರದೊಳಗೆ ಬಣ್ಣ ಆದರೆ ಜಲಜಾಕ್ಷಮ್ಮ ಮುಂದೆ. ಆಗದಿದ್ದರೆ ಸರ್ವಮಂಗಳಮ್ಮನವರ ಸೊಸೆ.”

ವರ್ಕ್‌ಶಾಪಿನವನು ಯುಗಾದಿವರೆಗೂ ಕೈ ಬಿಡುವಿಲ್ಲ ಅಂದ. ಬಿಡುವಿಲ್ಲದಿದ್ದರೆ ಬೇಡ! ಬಣ್ಣ ಹೇಗೆ ಒಣಗುತ್ತದೆ ಅಂತ ನನಗೆ ಗೊತ್ತಿಲ್ಲವೇ? ಆಕಾಶನೀಲಿ ಬಣ್ಣ ತರಿಸಿದೆ. ಸ್ಪ್ರೇ ಗನ್ನು, ಗಾಳಿ ಹಾಕುವ ಕಂಪ್ರೆಸರ್ ಬಾಡಿಗೆಗೆ ತರಿಸಿದೆ. ಫಣಿ ಎರಡು ದಿನ ಉಪ್ಪುಕಾಗದ ತಿಕ್ಕಿ ತುಕ್ಕು ತೆಗೆದ. ಆಮೇಲೆ ಹೇಳಿದೆ:

“ನೋಡು ಫಣಿ, ಬಿಸಿಲಲ್ಲಿ ಹೊಡೆದರೆ ಬಣ್ಣ ಬೊಬ್ಬೆ ಏಳುತ್ತೆ. ನೆರಳಲ್ಲಿ ನಿಲ್ಲಿಸಿ ಹೊಡಿ.”

“ಸರಿ ಅಮ್ಮ.”

ಕಾರನ್ನು ತಳ್ಳಿಕೊಂಡು ಹೋಗಿ ಹೊಂಗೆ ಮರದ ಕೆಳಗೆ ನಿಲ್ಲಿಸಿದ. ಮಾರ್ಚ್ ತಿಂಗಳು, ಹೊಂಗೆ ಹೂ ಸುರಿಯುವ ಕಾಲ! ನಾನು ಅಡುಗೆ ಮುಗಿಸಿ ಬಂದು ನೋಡಿದರೆ ಕಾರು ಹೂವಿನ ಹಾಸಿಗೆ. ಹೂ, ಮೊಗ್ಗು, ಇರುವೆ, ಎಲ್ಲ ನೀಲಿಗೆ ಅಂಟಿಕೊಂಡು ಕೂತಿವೆ.

“ಅಯ್ಯೋ! ಏನೋ ಇದು?”

“ನೀನೇ ಅಂದೆಯಲ್ಲಮ್ಮ, ನೆರಳಲ್ಲಿ ನಿಲ್ಲಿಸು ಅಂತ. ನಮ್ಮ ಬೀದೀಲಿ ಇದಕ್ಕಿಂತ ದಟ್ಟ ನೆರಳಿಲ್ಲ.”

“ದಡ್ಡ! ಕಸ ಕಡ್ಡಿ ಬೀಳದ ಹಾಗೆ ಪ್ಲಾಸ್ಟಿಕ್ ತಂದು ನಾಲ್ಕೂ ಕಡೆ ಮುಚ್ಚಬೇಕು ಕಣೋ!”

“ಸರಿ ಅಮ್ಮ.”

ಮತ್ತೆ ತಿಕ್ಕಿದ, ಮತ್ತೆ ಹೊಡೆದ. ಈ ಸಲ ಅಂಗಳದಲ್ಲಿ. ಬಣ್ಣ ಕೂತದ್ದು ಎಷ್ಟು ನುಣ್ಣಗೆ ಅಂದರೆ ನನ್ನ ಕಣ್ಣೇ ತುಂಬಿ ಬಂತು. ಒಂದು ಲೋಟ ಕಾಫಿ ಕೊಡೋಣ ಅಂತ ಒಳಗೆ ಹೋದೆ. ಕಾಫಿ ಹಿಡಿದು ಹೊರಗೆ ಬಂದರೆ ಕಾರೇ ಇಲ್ಲ! ಕಾರಿದ್ದ ಜಾಗದಲ್ಲಿ ದೊಡ್ಡದೊಂದು ಮೂಟೆ. ಹಸಿ ಬಣ್ಣದ ಮೇಲೇ ಪ್ಲಾಸ್ಟಿಕ್ ಸುತ್ತಿ, ಬಾವಿ ಹಗ್ಗದಲ್ಲಿ ಬಿಗಿದು, ಮೇಲೆ ಕೂತು ಗಂಟು ಹಾಕುತ್ತಿದ್ದಾನೆ.

“ಇಳಿಯೋ ಕೆಳಗೆ!”

“ನಾಲ್ಕೂ ಕಡೆ ಮುಚ್ಚಿದೀನಿ ಅಮ್ಮ. ಒಂದು ಇರುವೆ ಹೋಗಲಿ ನೋಡೋಣ!”

ಪ್ಲಾಸ್ಟಿಕ್ ಬಿಚ್ಚಿದರೆ ಆಕಾಶನೀಲಿ ಅದರ ಜೊತೆಯಲ್ಲೇ ಬಂತು. ಕಾರಿನ ಮೇಲೆ ಉಳಿದದ್ದು ಹಗ್ಗದ ಗೆರೆ.

“ಬಣ್ಣಕ್ಕೆ ಏನೂ ತಗಲಬಾರದು! ದೂರದಲ್ಲಿ ಕಂಬ ನಿಲ್ಲಿಸಿ ಮೇಲೆ ಹೊದಿಸಬೇಕು! ಮದುವೆ ಚಪ್ಪರ ಕಂಡಿಲ್ವಾ ನೀನು? ಹಾಗೆ ಹಾಕಬೇಕು!”

“ಮದುವೆ ಚಪ್ಪರದ ಹಾಗೇನಾ ಅಮ್ಮ?”

“ಹೂಂ ಕಣೋ, ಮದುವೆ ಚಪ್ಪರದ ಹಾಗೇ!”

“ಸರಿ ಅಮ್ಮ.”

ಆ ದಿನ ನಾನು ಸಮಾಜದ ಸಭೆಗೆ ಹೋಗಿದ್ದೆ. ವಾಪಸು ಬರುವಾಗ ಬೀದಿಯ ತುದಿಯಲ್ಲೇ ಓಲಗದ ಸದ್ದು. ಯಾರ ಮನೆಯಲ್ಲಿ ಅಂತ ನೋಡಿದರೆ ನಮ್ಮ ಮನೆಯಲ್ಲಿ! ಶಾಮಿಯಾನ ಅಂಗಡಿ ಗಂಗಣ್ಣ ಅಂಗಳ ತುಂಬ ಝಾಲರಿ ಶಾಮಿಯಾನ ಎಳೆದಿದ್ದಾನೆ. ನಾಲ್ಕು ಬಾಳೆಕಂಬ, ಮಾವಿನ ತೋರಣ, ಬಾಗಿಲಿಗೆ ‘ಸುಸ್ವಾಗತ’. ಅರ್ಧ ಬೀದಿ ರೇಷ್ಮೆ ಸೀರೆ ಉಟ್ಟುಕೊಂಡು ಬಂದು ಕೂತಿದೆ.

“ಏನ್ರೀ ಜಲಜಾಕ್ಷಮ್ಮ, ಮಗನ ಮದುವೆ ಅಂತ ಒಂದು ಮಾತು ಹೇಳಬಾರದಾಗಿತ್ತಾ?” ಅಂತ ಸರ್ವಮಂಗಳಮ್ಮ ಮುಖ ದಪ್ಪ ಮಾಡಿಕೊಂಡರು.

“ಯಾವ ಮದುವೆ? ಹೆಣ್ಣೆಲ್ಲಿದೆ ಇಲ್ಲಿ?”

“ಅದನ್ನೇ ನಾವೂ ಕೇಳ್ತಿರೋದು!”

ಒಳಗೆ ಫಣಿ ಆಗತಾನೇ ಬಣ್ಣ ಹೊಡೆದು ಮುಗಿಸಿದ್ದ. ಬಣ್ಣ ಮತ್ತೆ ಸೊಗಸಾಗಿ ಬಂದಿತ್ತು. ಆದರೆ ಎದುರು ಮನೆ ಪುಟ್ಟತಾಯಮ್ಮನಿಗೆ ಎಂಬತ್ತು ದಾಟಿ ಕಣ್ಣು ಮಂಜು. ಓಲಗ ಜೋರಾಯಿತು. ಇದೇ ಮುಹೂರ್ತ ಅಂದುಕೊಂಡ ಆ ಮುದುಕಿ ಬೊಗಸೆ ತುಂಬ ಅಕ್ಷತೆ ಎತ್ತಿ “ನೂರು ಕಾಲ ಬಾಳ್ರಪ್ಪ!” ಅಂತ ಬಾನೆಟ್ಟಿನ ಮೇಲೆ ಎಸೆದರು. ಅವರು ಎಸೆದರು ಅಂತ ಎಲ್ಲರೂ ಎಸೆದರು. ಹಸಿ ಬಣ್ಣ, ಅರಿಸಿನದ ಅಕ್ಕಿ! ಒಂದು ಕಾಳೂ ಕೆಳಗೆ ಬೀಳಲಿಲ್ಲ.

“ಓಲಗ ಯಾಕೆ ಕರೆಸಿದೆಯೋ, ಮುಟ್ಠಾಳ?”

“ಮದುವೆ ಚಪ್ಪರದ ಹಾಗೇನಾ ಅಂತ ಎರಡು ಸಲ ಕೇಳಿದ್ನಲ್ಲಮ್ಮ!”

ಅವನು ಕೇಳಿದ್ದು ಒಂದೇ ಸಲ. ಡೈರಿಯಲ್ಲಿ ಬರೆದಿಟ್ಟಿದ್ದೇನೆ.

“ಕೇಳಿಸ್ಕೋ! ಶಾಮಿಯಾನ ಇರಲಿ, ಸುತ್ತ ನೆಲದವರೆಗೂ ಪ್ಲಾಸ್ಟಿಕ್ ಇಳಿಬಿಡು. ಬಣ್ಣ ಹೊಡೆಯುವಾಗ ಒಂದು ನರಪಿಳ್ಳೆಯೂ ಒಳಗೆ ಹೋಗಕೂಡದು!”

“ಸರಿ ಅಮ್ಮ.”

ಮಾರನೆಯ ದಿನ ಹೋಗಿ ನೋಡಿದರೆ ಡೇರೆಯ ಹೊರಗೆ ಸ್ಟೂಲು ಹಾಕಿಕೊಂಡು ಕೂತಿದ್ದಾನೆ. ಪ್ಲಾಸ್ಟಿಕ್ಕಿಗೆ ಒಂದು ತೂತು, ತೂತಿನಲ್ಲಿ ಅವನ ಕೈ, ಕೈಯಲ್ಲಿ ಗನ್ನು. ಬುಸ್ಸ್ ಬುಸ್ಸ್ ಅಂತ ಕುರುಡಾಗಿ ಹೊಡೆಯುತ್ತಿದ್ದಾನೆ. ಒಂದು ಬಾಗಿಲು ನೀಲಿಯಾಗಿದೆ. ನಾಲ್ಕು ಬಾಳೆಕಂಬಗಳಲ್ಲಿ ಮೂರು ನೀಲಿಯಾಗಿವೆ.

“ಹೊರಗೆ ಕೂತು ಏನು ಮಾಡ್ತಿದೀಯೋ!”

“ಒಂದು ನರಪಿಳ್ಳೆಯೂ ಒಳಗೆ ಹೋಗಕೂಡದು ಅಂದೆಯಲ್ಲಮ್ಮ. ನಾನೂ ನರಪಿಳ್ಳೆನೇ ಅಲ್ವಾ?”

“ಅದರಲ್ಲಿ ನನಗೆ ಅನುಮಾನ ಇದೆ! ಹೊಡೆಯುವವನು ಒಳಗಿರಬೇಕೋ! ಮೂಗಿಗೆ ಬಟ್ಟೆ ಕಟ್ಕೋ. ಒಂದು ಫ್ಯಾನ್ ಇಟ್ಟು ಬಣ್ಣದ ಹೊಗೆಯನ್ನೆಲ್ಲ ಆಚೆಗೆ ದಬ್ಬು!”

“ಸರಿ ಅಮ್ಮ.”

ದಬ್ಬಿದ. ಗಂಗಣ್ಣನ ಅಂಗಡಿಯಿಂದ ಛತ್ರದ ದೊಡ್ಡ ಫ್ಯಾನು ತಂದು, ಮುಖ ಆಚೆಗೆ ತಿರುಗಿಸಿ, ಬಣ್ಣದ ಹೊಗೆಯನ್ನೆಲ್ಲ ಆಚೆಗೆ ದಬ್ಬಿದ. ಆಚೆ ಅಂದರೆ ಯಾರಿದ್ದರು? ಸರ್ವಮಂಗಳಮ್ಮ! ಬೇಸಿಗೆಗೆ ಅಂತ ಅಂಗಳದಲ್ಲಿ ಬಿಳೀ ಪಂಚೆ ಹಾಸಿ, ವರ್ಷಕ್ಕಾಗುವಷ್ಟು ಸಂಡಿಗೆ ಇಟ್ಟು, ಕಾಗೆ ಓಡಿಸುತ್ತ ಕೂತಿದ್ದರು. ಗೋಡೆಯ ಮೇಲಿಂದ ಒಂದು ಮುಖ ಎದ್ದಿತು. ಅರ್ಧ ಸರ್ವಮಂಗಳಮ್ಮ, ಅರ್ಧ ಆಕಾಶನೀಲಿ.

“ರೀ! ನೀಲಿ ಸಂಡಿಗೆ ಯಾರು ತಿಂತಾರ್ರೀ? ನೀವು ತಿಂತೀರಾ?”

“ಗೊತ್ತಾಗಲಿಲ್ಲ ಸರ್ವಮಂಗಳಮ್ಮ, ಹುಡುಗ...”

“ಹುಡುಗ! ಮೀಸೆ ಬಂದ ಹುಡುಗ! ಭಾನುವಾರ ನಮ್ಮ ಸೊಸೆಯೇ ಮುಂದೆ ಹೋಗೋದು, ಬರೆದಿಟ್ಕೊಳ್ಳಿ ನಿಮ್ಮ ಡೈರೀಲಿ!”

ಮೈಯೆಲ್ಲ ಉರಿದುಹೋಯಿತು. ಫಣಿಯ ಕಿವಿ ಹಿಡಿದು ಹೇಳಿದೆ: “ಬಣ್ಣ ತಾಗಬಾರದ್ದು ಏನೇನಿದೆಯೋ ಅದಕ್ಕೆಲ್ಲ ಮೊದಲು ಪೇಪರ್ ಅಂಟಿಸಬೇಕು! ಅಂಟಿಸಿ ಆಮೇಲೆ ಗನ್ನು ಮುಟ್ಟು!”

“ಸರಿ ಅಮ್ಮ.”

ನಾನು ಹೇಳಿದ್ದು ಕಾರಿನ ಗಾಜಿಗೆ, ದೀಪಕ್ಕೆ, ನಂಬರ್ ಪ್ಲೇಟಿಗೆ. ಅವನು ಅಂಟಿಸಿದ್ದು ಸರ್ವಮಂಗಳಮ್ಮನ ಕಾಂಪೌಂಡಿಗೆ, ಅವರ ತುಳಸಿಕಟ್ಟೆಗೆ, ಅವರ ಎಮ್ಮೆಗೆ. ಎಮ್ಮೆಗೆ ಕೊಂಬಿನ ತುದಿಯವರೆಗೂ ನ್ಯೂಸ್‌ಪೇಪರ್! ಅದು ಬೆದರಿ ಸಂತೆಬೀದಿಯಲ್ಲಿ ಓಡುತ್ತಿದ್ದರೆ ಜನ ಹಿಂದಿನಿಂದ ಸುದ್ದಿ ಓದುತ್ತಿದ್ದರಂತೆ. ಕಾರಿನ ಗಾಜುಗಳು ಮಾತ್ರ ನೀಲಿ.

“ಗಾಜಿಗೆ ಯಾಕೆ ಅಂಟಿಸಲಿಲ್ಲ?”

“ಗಾಜು ಬೈಯಲ್ಲವಲ್ಲಮ್ಮ. ಬೈದೋರು ಅವರು.”

ನಾಳೆ ಬೆಳಗಾದರೆ ಮೆರವಣಿಗೆ. ಇನ್ನು ಇವನನ್ನು ನಂಬಿ ಪ್ರಯೋಜನವಿಲ್ಲ ಅಂತ ಶನಿವಾರ ನಾನೇ ಮೂಗಿಗೆ ಸೆರಗು ಕಟ್ಟಿಕೊಂಡು ಡೇರೆಯೊಳಗೆ ಕುರ್ಚಿ ಹಾಕಿ ಕೂತೆ. ಫ್ಯಾನು ಬೀದಿಯ ಕಡೆಗೆ. ಪೇಪರ್ ಗಾಜಿಗೆ. “ಈಗ ಎಡಕ್ಕೆ. ಈಗ ಬಲಕ್ಕೆ. ಈಗ ನಿಲ್ಲು.” ಸಂಜೆ ಹೊತ್ತಿಗೆ ನನ್ನ ಫಿಯಟ್ಟು ಬಣ್ಣದ ಅಂಗಡಿಯ ಕ್ಯಾಲೆಂಡರಿನಲ್ಲಿರುವ ಕಾರಿನ ಹಾಗೆ ಹೊಳೆಯಿತು. ಒಂದು ಹೂವಿಲ್ಲ, ಒಂದು ಅಕ್ಕಿ ಕಾಳಿಲ್ಲ. ಸರ್ವಮಂಗಳಮ್ಮನೂ ಗೋಡೆ ಮೇಲಿಂದ ಇಣುಕಿ ನೋಡಿ, ಸೆರಗು ಕೊಡವಿ ಒಳಗೆ ಹೋದರು.

ಭಾನುವಾರ ಬೆಳಿಗ್ಗೆ ಹಾರ, ದೀಪ ಜೋಡಿಸಲು ನಾನು ಬೇಗ ಮೈದಾನಕ್ಕೆ ಹೋಗಬೇಕಾಗಿತ್ತು. ಹೋಗುವ ಮುಂಚೆ ಫಣಿಯನ್ನು ನಿಲ್ಲಿಸಿಕೊಂಡು ಹೇಳಿದೆ.

“ಬಣ್ಣ ಇನ್ನೂ ಹಸಿ. ಬೀದೀಲಿ ಧೂಳು. ಈ ಡೇರೆ ಬಿಟ್ಟು ಕಾರು ಒಂದಡಿ ಆಚೆ ಬರಕೂಡದು!”

“ಸರಿ ಅಮ್ಮ.”

“ಒಂಬತ್ತು ಗಂಟೆಗೆ ಸರಿಯಾಗಿ ಕಾರು ಮೈದಾನದಲ್ಲಿರಬೇಕು!”

“ಸರಿ ಅಮ್ಮ.”

ಒಂಬತ್ತಾಗುತ್ತ ಬಂತು. ಮೈದಾನದಲ್ಲಿ ಬ್ಯಾಂಡ್‌ಸೆಟ್ಟು ಸಿದ್ಧ, ಕಳಶ ಹಿಡಿದ ಹೆಂಗಸರು ಸಾಲಾಗಿ ಸಿದ್ಧ. ಗೇಟಿನ ಹೊರಗೆ ರಸ್ತೆಯ ಬದಿಯಲ್ಲಿ ಸರ್ವಮಂಗಳಮ್ಮನ ಸೊಸೆ ಹೊಸ ಕಾರಿನಲ್ಲಿ ಕೂತಿದ್ದಾಳೆ, ಎಂಜಿನ್ನು ಕೂಡ ಚಾಲೂ ಮಾಡಿಕೊಂಡಿದ್ದಾಳೆ! ನಾನು ಗೇಟಿನ ಬಳಿ ನಿಂತು ರಸ್ತೆ ನೋಡುತ್ತಿದ್ದೆ. ಪಕ್ಕದಲ್ಲಿ ಸರ್ವಮಂಗಳಮ್ಮ ಹಣೆಗೆ ಕೈ ಅಡ್ಡ ಹಿಡಿದು ನೋಡಿದರು.

“ರೀ ಜಲಜಾಕ್ಷಮ್ಮ, ನಿಮ್ಮನೆ ಅಂಗಳ ನಡ್ಕೊಂಡು ಬರ್ತಿದೆ!”

ನಿಜ. ಝಾಲರಿ ಶಾಮಿಯಾನ ಬರುತ್ತಿತ್ತು. ಗಂಗಣ್ಣನ ಆಳುಗಳು ಮೂಲೆಮೂಲೆಗೆ ಕಂಬ ಹೊತ್ತಿದ್ದಾರೆ. ಸುತ್ತ ಪ್ಲಾಸ್ಟಿಕ್, ಮುಂದೆ ನೀಲಿ ಬಾಳೆಕಂಬ, ತಲೆಯ ಮೇಲೆ ‘ಸುಸ್ವಾಗತ’. ಒಳಗೆ ನನ್ನ ಫಿಯಟ್ಟು ಮೊದಲನೇ ಗೇರಿನಲ್ಲಿ ಗುರುಗುಟ್ಟುತ್ತ ಆಳುಗಳ ಹೆಜ್ಜೆಗೆ ಹೆಜ್ಜೆ ಹಾಕುತ್ತಿದೆ. ಯಾವ ಊರಿನ ದೇವರೋ ಏನೋ ಅಂತ ಅಂಗಡಿಯವರು ಹೊರಗೆ ಬಂದು ಕೈ ಮುಗಿಯುತ್ತಿದ್ದಾರೆ. ಒಬ್ಬ ಈಡುಗಾಯಿಯನ್ನೂ ಒಡೆದ!

ಗೇಟಿಗೆ ಬಂದು ಸಿಕ್ಕಿಕೊಂಡಿತು. ಡೇರೆ ಅಗಲ, ಗೇಟು ಕಿರಿದು. ಹೊರಗಿನವರು ಒಳಗೆ ಬರುವಂತಿಲ್ಲ, ಒಳಗಿನವರು ಹೊರಗೆ ಹೋಗುವಂತಿಲ್ಲ. ಅಧ್ಯಕ್ಷೆ ಗಡಿಯಾರ ನೋಡಿ ನನ್ನನ್ನು ನೋಡಿದರು.

“ಜಲಜಾಕ್ಷಮ್ಮ, ಏನಾದರೂ ಮಾಡಿ!”

“ಫಣಿ! ಅಡ್ಡ ಇರೋದನ್ನ ಕಿತ್ತು ಹಾಕೋ! ಕಾರು ಈಗಿಂದೀಗಲೇ ಒಳಗೆ ಬರಬೇಕು!”

“ಸರಿ ಅಮ್ಮ!” ಅಂತ ಡೇರೆಯೊಳಗಿನಿಂದ ದನಿ ಬಂತು.

ನಾನು ಭಾವಚಿತ್ರ ತರಲು ಸ್ಕೂಲಿನ ಒಳಗೆ ಓಡಿದೆ. ಚಿತ್ರಕ್ಕೆ ಹಾರ ಹಾಕುತ್ತಿರುವಾಗ ಹೊರಗೆ ಧಡಾರ್ ಅಂತ ಸದ್ದು. ಮತ್ತೊಮ್ಮೆ ಧಡಾರ್. ಚಿತ್ರ ಎದೆಗವಚಿಕೊಂಡು ಓಡಿ ಬಂದೆ. ಗಂಗಣ್ಣನ ಆಳುಗಳು ಗುಣಿ ತೋಡುವ ಹಾರೆಯಿಂದ ಮೀಟಿ ಹೈಸ್ಕೂಲಿನ ಗೇಟನ್ನು ಬುಡಸಮೇತ ಕಿತ್ತು ಪಕ್ಕಕ್ಕೆ ಒರಗಿಸಿದ್ದರು. ಎರಡೂ ಕಲ್ಲಿನ ಕಂಬಗಳು ಮಲಗಿದ್ದವು. ಶಾಮಿಯಾನ ಒಂದು ಝಾಲರಿಯೂ ಹರಿಯದೆ ಮೆಲ್ಲಗೆ ಮೈದಾನದೊಳಕ್ಕೆ ಬಂದು ನಿಂತಿತು. ಫಣಿ ಪ್ಲಾಸ್ಟಿಕ್ ಸರಿಸಿ ಮೂಗಿನ ಬಟ್ಟೆ ಬಿಚ್ಚಿ ನಕ್ಕ.

“ಡೇರೆ ಬಿಟ್ಟು ಕಾರು ಒಂದಡಿ ಆಚೆ ಬಂದಿಲ್ಲಮ್ಮ. ಗೇಟೇ ಕಿತ್ತೆ. ಗಂಟೆ ನೋಡು, ಸರಿಯಾಗಿ ಒಂಬತ್ತು!”

ಅಷ್ಟರಲ್ಲಿ ಸ್ಕೂಲಿನ ಹಿಂದಿನ ಸಣ್ಣ ಬಾಗಿಲಿನಿಂದ ಕಳಶದವರೂ ಬ್ಯಾಂಡಿನವರೂ ರಸ್ತೆಗೆ ಹೋಗಿಯಾಗಿತ್ತು. ಡೇರೆ ಬಿಚ್ಚಿ ಕಾರು ತಿರುಗಿಸುವವರೆಗೆ ಕಾಯೋಕಾಗಲ್ಲ ಅಂತ ಅಧ್ಯಕ್ಷೆ ಬಂದು ನನ್ನ ಕೈಯಿಂದ ಭಾವಚಿತ್ರ ತಗೊಂಡರು. ಚಿತ್ರ ಸೊಸೆಯ ಕಾರಿಗೆ ಹೋಯಿತು. ಬ್ಯಾಂಡು ಶುರುವಾಯಿತು. ನಾನು ಡೇರೆಯೊಳಗೆ ಹೋಗಿ ಸ್ಟಿಯರಿಂಗ್ ಹಿಡಿದು ಕೂತೆ. ಬಣ್ಣದ ಮೇಲೆ ಒಂದು ಚೂರು ಧೂಳಿರಲಿಲ್ಲ. ನೋಡಲು ಅಲ್ಲಿ ಯಾರೂ ಇರಲಿಲ್ಲ.

ಒಟ್ಟು ಖರ್ಚಾದದ್ದು ನಾಲ್ಕು ಸಾವಿರದ ನೂರ ಎಪ್ಪತ್ತು ರೂಪಾಯಿ. ಬಣ್ಣಕ್ಕೆ ಆದದ್ದು ಅದರಲ್ಲಿ ಸ್ವಲ್ಪವೇ, ಮಿಕ್ಕಿದ್ದೆಲ್ಲ ಶಾಮಿಯಾನಕ್ಕೆ, ಸ್ಕೂಲಿನ ಗೇಟಿಗೆ, ಸರ್ವಮಂಗಳಮ್ಮನ ಸಂಡಿಗೆಗೆ. ಇದರ ಜೊತೆಗೆ ಮೆರವಣಿಗೆಯ ಮುಂದೆ ಕಾರು ಓಡಿಸುವ ಭಾಗ್ಯವೂ ಹೋಯಿತು. ಸಮಾಜದ ಮುಂದಿನ ಮೆರವಣಿಗೆ ನಡೆದದ್ದು ಸುವರ್ಣ ಮಹೋತ್ಸವಕ್ಕೆ. ಆ ಹೊತ್ತಿಗೆ ನನ್ನ ಕಣ್ಣು ಮಂಜಾಗಿ ಲೈಸೆನ್ಸನ್ನು ಹಿಂದಿರುಗಿಸಿಯಾಗಿತ್ತು.