ಮಲಗಿದ ಬಾಗಿಲ ಗುಡ್ಡ

ಮೆಕ್ಸಿಕೋದ ಪಡುವಣ ಸೀಮೆಯಾದ ಹಾಲಿಸ್ಕೋದಲ್ಲಿ, ಕತ್ತಾಳೆ ಹೊಲಗಳ ನಡುವೆ ಒಂದು ಬೋಳುಗುಡ್ಡವಿದೆ. ನೆತ್ತಿಯ ಮೇಲೆ ಸಣ್ಣದೊಂದು ಇಗರ್ಜಿ. ಅದಕ್ಕೆ ಬಾಗಿಲವಾಡ ಉಂಟು, ಬಾಗಿಲಿಲ್ಲ. ಬಾಗಿಲು ಹೊಸ್ತಿಲಾಚೆ ನೆಲದ ಮೇಲೆ ಅಂಗಾತ ಮಲಗಿದೆ. ಗುಡ್ಡದ ಹೆಸರಿಗೂ ಅಲ್ಲಿಯ ಮಾತಿನಲ್ಲಿ ಅದೇ ಅರ್ಥ. ಆ ಸೀಮೆಯ ವಾದ್ಯಮೇಳಕ್ಕೆ ಮರಿಯಾಚಿ ಎನ್ನುತ್ತಾರೆ. ಫ್ರೆಂಚರು ಮದುವೆಗೆ ಹೇಳುವ ಮಾತಿನಿಂದ ಆ ಹೆಸರು ಹುಟ್ಟಿತೆಂದು ಕೆಲವರು. ಫ್ರೆಂಚರ ದಂಡು ಬರುವ ಮೊದಲೇ ಕಾಗದಪತ್ರಗಳಲ್ಲಿ ಅದು ಇತ್ತಲ್ಲ ಎಂದು ಮತ್ತೆ ಕೆಲವರು. ಮೇಲೆ ನಿಂತು ಕುಣಿಯುವ ಹಲಗೆಗೆ ಕಡಿಯುತ್ತಿದ್ದ ಮರದ ಹೆಸರು ಅದು ಎನ್ನುವವರೂ ಇದ್ದಾರೆ. ಗುಡ್ಡದವರನ್ನು ಕೇಳಿದರೆ, "ಬಾರಿಸುವವರೂ ಮರಿಯಾಚಿ, ಹಲಗೆಯೂ ಮರಿಯಾಚಿ, ಸುತ್ತ ಸೇರಿದ ಜನವೂ ಮರಿಯಾಚಿ. ಬೇರೆ ಬೇರೆ ಮಾಡಿಕೊಂಡು ನಿಮಗೇನಾಗಬೇಕು?" ಎಂದುಬಿಡುತ್ತಾರೆ.

ಹಿಂದೆ ಒಮ್ಮೆ ಇಲ್ಲಿ ನಿಕಾನೋರ್ ಎಂಬ ಬಡಗಿ ಇದ್ದನಂತೆ. ಹಾರ್ಪ್ ಎಂಬ ತಂತಿವಾದ್ಯ ನುಡಿಸುವುದರಲ್ಲೂ ಅವನದೇ ಮೇಲುಗೈ. ಅವನ ಅಜ್ಜ ಒಂದೇ ಮರದಿಂದ ಸೀಳಿದ ಅಗಲವಾದ ಹಲಗೆಯೊಂದು ಮನೆಯಲ್ಲಿತ್ತು. ನೆಲದಲ್ಲಿ ಗುಂಡಿ ತೋಡಿ, ಒಳಗೆ ಎರಡು ಖಾಲಿ ಮಡಕೆ ಇಟ್ಟು, ಮೇಲೆ ಆ ಹಲಗೆ ಹಾಸಿ ಕುಣಿದರೆ ಸದ್ದು ಕಣಿವೆಯಾಚೆಗೆ ಕೇಳುತ್ತಿತ್ತು. ಅದಕ್ಕೆ ಮೊಳೆ ಮಾತ್ರ ಹೊಡೆಯಬಾರದು. ಮೊಳೆ ಹೊಡೆದ ಹಲಗೆ ಮೂಕವಾಗುತ್ತದೆ ಎಂಬುದು ಅವರ ನಂಬಿಕೆ. ಮದುವೆಯಾದ ಜೋಡಿ ಇದರ ಮೇಲೆ ಕುಣಿಯದಿದ್ದರೆ ಗಂಡಿನ ಕಡೆಯವರು ಹೆಣ್ಣನ್ನು ಮನೆ ತುಂಬಿಸಿಕೊಳ್ಳುತ್ತಿರಲಿಲ್ಲ.

ನಿಕಾನೋರನ ಮಗಳು ಎವುಲಾಲಿಯಾಳ ಮದುವೆ ಗೊತ್ತಾದ ವರ್ಷವೇ ಹೊಸ ಪಾದ್ರಿ ಬಂದರು. ಅವರಿಗೆ ಈ ಕುಣಿತ ಸೇರದು. ಆಗ ಇಗರ್ಜಿಗೆ ತೊಗಲಿನ ಪರದೆ ಬಿಟ್ಟರೆ ಬಾಗಿಲಿರಲಿಲ್ಲ. "ಆ ಹಲಗೆಯನ್ನು ಬಾಗಿಲು ಮಾಡಿಕೊಡು. ಇಲ್ಲವಾದರೆ ನಿನ್ನ ಮಗಳ ಮದುವೆ ನಾನು ಮಾಡಿಸುವುದಿಲ್ಲ" ಎಂದರು. ನಿಕಾನೋರ್ ಒಪ್ಪಿ ತಲೆಯಾಡಿಸಿದ. ಹೇಡಿ ಎಂದು ಊರು ಆಡಿಕೊಂಡಿತು. ಅವನು ಒಂದು ಮೊಳೆಯನ್ನೂ ಹೊಡೆಯದೆ, ಎತ್ತಿದರೆ ಕಳಚಿ ಬರುವಂತೆ ಮರದ ಗೂಟಕ್ಕೆ ಹಲಗೆಯನ್ನು ಸಿಕ್ಕಿಸಿದ. ಅದರ ಗುಟ್ಟು ತಿಳಿಯದ ಪಾದ್ರಿಗಳು ತೀರ್ಥ ಚಿಮುಕಿಸಿ ಹರಸಿದರು.

ಮದುವೆಯ ದಿನ ಪ್ರಾರ್ಥನೆ ಮುಗಿದದ್ದೇ ತಡ, ನಿಕಾನೋರ್ ಬಾಗಿಲನ್ನು ಕಳಚಿ, ಹೊಸ್ತಿಲೆದುರು ಮೊದಲೇ ತೋಡಿ, ಮಡಕೆ ಇಟ್ಟು ಮುಚ್ಚಿದ್ದ ಗುಂಡಿಯ ಮೇಲೆ ಹಾಸಿದ. ಆದರೆ ಅವನ ಲೆಕ್ಕ ತಪ್ಪಿತು. ಗಂಡಿನ ತಾಯಿ ತಿಬುರ್ಸಿಯಾ ಮಗನ ತೋಳು ಹಿಡಿದು ನಿಲ್ಲಿಸಿದಳು.

"ಬೀಗರೇ, ನಿನ್ನೆಯವರೆಗೆ ಅದು ನಿಮ್ಮ ಹಲಗೆ. ಈಗ ದೇವರ ಬಾಗಿಲು. ಇದನ್ನು ಜೋಡು ಮೆಟ್ಟಿ ತುಳಿಯುವ ಸೊಸೆ ನನಗೆ ಬೇಡ."

"ಕುಣಿಯದ ಸೊಸೆಯಾದರೆ ಆಗುತ್ತದೆಯೇ, ಅಮ್ಮಾ?" ಎಂದ ನಿಕಾನೋರ್.

"ಅವಳೂ ಬೇಡ."

ಪಿಟೀಲಿನವರು ವಾದ್ಯ ಕೆಳಗಿಳಿಸಿದರು. ಆಗ ಎವುಲಾಲಿಯಾ ಕುಳಿತು ಜೋಡು ಬಿಚ್ಚಿ, ಹೊಸ್ತಿಲ ಬದಿಗಿಟ್ಟು, ಬರಿಗಾಲಲ್ಲಿ ಹಲಗೆ ಹತ್ತಿದಳು. ಜೋಡಿನ ಗಟ್ಟಿ ಹಿಮ್ಮಡಿಯಿಲ್ಲದ ಪಾದಕ್ಕೆ ಸದ್ದೆಷ್ಟು ಬಂದೀತು? ಮೊದಲು ಏನೂ ಕೇಳಲಿಲ್ಲ. ಅವಳು ಬಿಡದೆ ಒಬ್ಬಳೇ ತುಳಿದಳು. ಕೆಳಗಿನ ಮಡಕೆಗಳು ಮೆಲ್ಲಗೆ ಗುಂಯ್‌ಗುಟ್ಟತೊಡಗಿದವು. ನಿಕಾನೋರ್ ಆ ಸದ್ದನ್ನು ಮುಳುಗಿಸದಂತೆ ಹಾರ್ಪಿನ ಒಂದೇ ತಂತಿ ಮೀಟಿದ. ಎಷ್ಟೋ ಹೊತ್ತಿನ ಮೇಲೆ ತಿಬುರ್ಸಿಯಾ ಮಗನ ತೋಳು ಬಿಟ್ಟು, "ಏನು ನೋಡ್ತೀಯ, ಜೋಡು ಬಿಚ್ಚು" ಎಂದಳಂತೆ.

ಪಾದ್ರಿಗಳು ಬಾಗಿಲನ್ನು ಮತ್ತೆ ಎತ್ತಿಸಲಿಲ್ಲ. ಯಾಕೆಂದು ಯಾರಿಗೂ ತಿಳಿಯದು. ಬೇರೆ ಊರುಗಳಲ್ಲಿ ಮರಿಯಾಚಿ ಎಂದರೆ ಹಿಮ್ಮಡಿಯ ಗುಡುಗು. ಈ ಗುಡ್ಡದಲ್ಲಿ ಮಾತ್ರ ಮದುಮಕ್ಕಳು ಇಂದಿಗೂ ಬರಿಗಾಲಲ್ಲೇ ಕುಣಿಯುತ್ತಾರೆ, ಹೆಣ್ಣು ಮೊದಲು, ಗಂಡು ಆಮೇಲೆ. ಹೋದವರು ಬಗ್ಗಿ ನೋಡಿದರೆ ಹಲಗೆಯ ಮೇಲೆ ಸವೆದು ನುಣುಪಾದ ಎರಡು ತಗ್ಗು ಕಾಣುತ್ತವೆ. ಹೆಣ್ಣು ಕುಣಿಯುವ ಕಡೆಯದು ಒಂದು ಬೆರಳು ಹೆಚ್ಚು ಆಳ.